ಆರು ದಿನಕ್ಕೊಂದು ಗಳಿಗೆ

ನಾನು ಬರೆದ ಮೊದಲ ಸರಕಾರಿ ಕಾಗದದಿಂದ ನನ್ನ ಸೋದರತ್ತೆಯ ಉಳ್ಳಾಗಡ್ಡಿ ಮಡಿಗಳು ಒಣಗಿದವು. ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಮಾಡಿದವನು ನಾನು. ಹಾಗೆಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಉರ್ದು ಅಕ್ಷರ ತಿದ್ದಿ, ಕಂಡವರ ಪಡಸಾಲೆಯಲ್ಲಿ ಮಲಗಿ, ಒಂದೇ ಅಂಗಿಯನ್ನು ರಾತ್ರಿ ಒಗೆದು ಬೆಳಗ್ಗೆ ಹಾಕಿಕೊಂಡು ಗಳಿಸಿದ ಪದವಿ ಅದು. ಆದರೆ ಯಾರಾದರೂ ನನ್ನ ಓದಿನಿಂದ ಊರಿಗೆ ಉಪಕಾರವಾಯಿತು ಎಂದರೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ. ಮೊದಲು ಆದದ್ದು ಅಪಕಾರ. ಅದನ್ನು ಸರಿಪಡಿಸಿದಾಗಲೂ ಹೆಸರು ತಪ್ಪು ಮನುಷ್ಯನಿಗೆ ಹೋಯಿತು.

ನಮ್ಮೂರು ಗಂಗಾವತಿಯ ಕಡೆಯದು. ನದಿಯ ದೊಡ್ಡ ಕಾಲುವೆಗಳ ನೀರು ನಮ್ಮ ತನಕ ಬರುತ್ತಿರಲಿಲ್ಲ. ಹಳ್ಳಕ್ಕೆ ಕಲ್ಲಿನ ಒಡ್ಡು ಹಾಕಿ, ಅಲ್ಲಿಂದ ಒಂದು ಸಣ್ಣ ಕಾಲುವೆ ತೆಗೆದಿದ್ದರು. ಮಳೆಗಾಲ ಮುಗಿದ ಮೇಲೆ ಶಿವರಾತ್ರಿಯವರೆಗೆ ಅದರ ನೀರೇ ಹೊಲಗಳಿಗೆ ಆಧಾರ. ಇರುವ ನೀರು ಸ್ವಲ್ಪ, ಬೇಕಾದವರು ಹಲವರು. ಹಾಗಾಗಿ ಪಾಳಿ ಇತ್ತು. ಹಗಲಿನ ಪಾಳಿಗೆ ನೆರಳಿನ ಅಳತೆ, ರಾತ್ರಿಯ ಪಾಳಿಗೆ ಚುಕ್ಕಿಯ ಅಳತೆ. ಮೂರು ದಿನಕ್ಕೊಮ್ಮೆ ಹೊತ್ತು ಮುಳುಗಿದಾಗಿನಿಂದ ಒಂದು ಗೊತ್ತಾದ ಚುಕ್ಕಿ ಮೂಡುವವರೆಗೆ ನನ್ನ ಅತ್ತೆಯ ಪಾಳಿ. ಅದು ಮೂಡಿದ ಮೇಲೆ ಬೆಳಗಿನವರೆಗೆ ಗೌಡರ ಹೊಲಕ್ಕೆ ನೀರು.

ಈ ಪಾಳಿಗಳನ್ನು ನೋಡಿಕೊಳ್ಳುತ್ತಿದ್ದವನು ಊರ ನೀರಗಂಟಿ. ಮುದುಕ, ಎಡಗಾಲು ಸ್ವಲ್ಪ ಕುಂಟು, ಹೆಗಲ ಮೇಲೆ ಸದಾ ಒಂದು ಸಲಿಕೆ. ಅಕ್ಷರ ಗೊತ್ತಿಲ್ಲ. ಚಾವಡಿಯ ಮೆಟ್ಟಿಲು ಹತ್ತಲು ಅವನ ಜಾತಿಗೆ ಅಪ್ಪಣೆ ಇರಲಿಲ್ಲ, ಆದರೆ ಅವನು ತಿರುವಿದ ನೀರು ಎಲ್ಲರ ಹೊಲಕ್ಕೂ ಬೇಕಾಗುತ್ತಿತ್ತು. ಈ ಲೆಕ್ಕ ನನಗೆ ಆಗ ವಿಚಿತ್ರವೆನಿಸಲಿಲ್ಲ ಎಂಬುದೇ ಈಗ ನಾಚಿಕೆಯ ಸಂಗತಿ.

ನನ್ನನ್ನು ಸಾಕಿದವಳು ಅತ್ತೆ. ಗಂಡ ತೀರಿಕೊಂಡ ಮೇಲೆ ಅಂಗೈಯಗಲ ಹೊಲದಲ್ಲಿ ಉಳ್ಳಾಗಡ್ಡಿ, ಬದನೆ ಬೆಳೆದು ಗಂಗಾವತಿ ಸಂತೆಗೆ ಹೊತ್ತು ಒಯ್ಯುತ್ತಿದ್ದಳು. ನಾನು ಹೈದರಾಬಾದಿಗೆ ಓದಲು ಹೋಗುವುದಕ್ಕೆ ಅವಳ ಈ ಹೊಲವೇ ಆಸರೆ. ಆ ಹೊಲಕ್ಕೆ ಆ ಪಾಳಿಯ ನೀರೇ ಜೀವ.

ಮೂವತ್ತರ ದಶಕದ ಕೊನೆಯ ಮಾತು. ಆಗ ನಮ್ಮದು ಹೈದರಾಬಾದ್ ಸಂಸ್ಥಾನ, ಸರಕಾರಿ ಕಾಗದವೆಲ್ಲ ಉರ್ದುವಿನಲ್ಲಿ. ಕಾಲೇಜಿಗೆ ಸೇರಿದ ಮೊದಲ ವರ್ಷ ನವರಾತ್ರಿಯ ರಜೆಗೆ ಊರಿಗೆ ಬಂದಿದ್ದೆ. ಅದೇ ವಾರ ಕಾಲುವೆಯ ಮೇಲೆ ಇಬ್ಬರು ಹೊಡೆದಾಡಿಕೊಂಡು ಒಬ್ಬನ ತಲೆ ಒಡೆದಿತ್ತು. ಕಂದಾಯದ ಗಿರ್ದಾವರ ಸಾಹೇಬರು ಚಾವಡಿಗೆ ಬಂದು ಕೂತರು. ಬಾಯಿಮಾತಿನ ಪಾಳಿ ಇನ್ನು ನಡೆಯುವುದಿಲ್ಲ, ಎಲ್ಲವೂ ಕಾಗದದ ಮೇಲೆ ಬರಬೇಕು ಅಂದರು. ಊರಿನಲ್ಲಿ ಚೆಂದಾಗಿ ಉರ್ದು ಬರೆಯಬಲ್ಲವನು ನಾನೊಬ್ಬನೇ. ಸಾಹೇಬರ ಪಕ್ಕದಲ್ಲಿ ಚಾಪೆಯ ಮೇಲೆ ಕೂರಿಸಿದರು. ನನ್ನಪ್ಪನ ಕಾಲದಲ್ಲಿ ನಮ್ಮ ಮನೆಯವರು ಆ ಚಾವಡಿಯ ಕಂಬಕ್ಕೂ ಒರಗಿದ್ದಿಲ್ಲ. ಕೂತಾಗ ನನ್ನ ಎದೆ ಎಷ್ಟು ಉಬ್ಬಿತ್ತೆಂದು ಹೇಳಲು ಹೋಗುವುದಿಲ್ಲ.

ಒಂದೊಂದೇ ಪಾಳಿ ಬರೆಯುತ್ತ ಅತ್ತೆಯ ಪಾಳಿಗೆ ಬಂದೆವು. ಮೆಟ್ಟಿಲ ಕೆಳಗೆ ನಿಂತಿದ್ದ ನೀರಗಂಟಿ ಹೇಳಿದ: "ಈಗ ಗೊಂಚಲ ಚುಕ್ಕಿ ನಡದೈತಿ ನೋಡ್ರಿ. ಅದು ಮೂಡೂತನಾ ಅಮ್ಮನ ನೀರು."

ಗೊಂಚಲು ಅಂದರೆ ಕೃತ್ತಿಕೆ. ದ್ರಾಕ್ಷಿಯಂತೆ ಒತ್ತಾಗಿ ಕೂತ ಆರು ಚುಕ್ಕಿ. ನಾನು ಬರೆದೆ.

"ಹದಿನೈದು ದಿನ ಆದಮ್ಯಾಲೆ ಕೆಂಪು ಚುಕ್ಕಿ ಹಿಡೀಬೇಕು," ಎಂದ ಅವನು. "ಅದರ ಮುಂದ ಇಪ್ಪತ್ತು ದಿನಕ್ಕ ಸಾಲಾಗಿ ಮೂರು ಚುಕ್ಕಿ. ಆಮ್ಯಾಲೆ ದೊಡ್ಡ ಬಿಳಿ ಚುಕ್ಕಿ. ಹಿಂಗ ಬದಲಾಗ್ತಾ ಹೋಗ್ತೈತ್ರಿ."

ಸಾಹೇಬರ ಹುಬ್ಬು ಗಂಟಾಯಿತು. "ಒಂದು ಪಾಳಿಗೆ ನಾಕು ಚುಕ್ಕಿ? ಇದೇನು ಗೊಂದಲ?"

ನಾನು ಅಲ್ಲಿಯೇ ತಪ್ಪಿದ್ದು. ಹೈಸ್ಕೂಲಿನ ಭೂಗೋಳದ ಪುಸ್ತಕದಲ್ಲಿ ಒಂದು ಪಾಠವಿತ್ತು: ಗ್ರಹಗಳು ಚಲಿಸುತ್ತವೆ, ನಕ್ಷತ್ರಗಳು ಸ್ಥಿರ. ಪರೀಕ್ಷೆಯಲ್ಲಿ ಅದಕ್ಕೆ ಪೂರ್ತಿ ಅಂಕ ಗಳಿಸಿದ್ದೆ. ಮುದುಕನಿಗೆ ತಿಳಿಸಿ ಹೇಳುವವನಂತೆ ಅಂದೆ: "ಅಜ್ಜಾ, ಚುಕ್ಕಿ ಜಾಗಾ ಬದಲಿ ಮಾಡೂದಿಲ್ಲ. ತಿರುಗೋವು ಗ್ರಹ. ಚುಕ್ಕಿ ಇದ್ದಲ್ಲೇ ಇರತಾವ. ಪುಸ್ತಕದಾಗ ಐತಿ."

"ಚುಕ್ಕಿ ಇದ್ದಲ್ಲೇ ಇರತಾವ ತಮ್ಮಾ, ನಾ ಇಲ್ಲ ಅನ್ನೂದಿಲ್ಲ," ಎಂದ ಅವನು. "ಆದರ ಮೂಡೋ ಹೊತ್ತು ಇದ್ದಲ್ಲೇ ಇರೂದಿಲ್ಲ."

ನಾನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಸಾಹೇಬರು ನನ್ನ ಬೆನ್ನು ತಟ್ಟಿ, "ಶಾಬಾಶ್, ಒಂದ ಚುಕ್ಕಿ ಬರಿ. ದಫ್ತರದಾಗ ಒಂದ ಮಾತು ಇರಬೇಕು," ಎಂದರು. ನಾನು ಕೃತ್ತಿಕೆಯೊಂದನ್ನೇ ಬರೆದೆ. ಗೌಡರು ಏನೂ ಮಾತಾಡದೆ ಮೊದಲ ದಸ್ತಖತ್ತು ಹಾಕಿದರು. ಪ್ರತಿ ಮಾತಿಗೂ ತಕರಾರು ತೆಗೆಯುವ ಮನುಷ್ಯ ಅಷ್ಟು ಬೇಗ ರುಜು ಹಾಕಿದ್ದೇಕೆಂದು ನಾನು ಯೋಚಿಸಬೇಕಿತ್ತು. ಅತ್ತೆ ನನ್ನ ಅಕ್ಷರದ ಕೆಳಗೆ ಹೆಬ್ಬೆಟ್ಟು ಒತ್ತಿದಳು. ನಮ್ಮ ಹುಡುಗ ಬರೆದ ಕಾಗದವೆಂದು ಅವಳ ಮುಖ ಅರಳಿತ್ತು.

ರಜೆ ಮುಗಿಸಿ ನಾನು ಹೈದರಾಬಾದಿಗೆ ಹೋದೆ.

ನಮ್ಮ ಕಾಲೇಜಿನಲ್ಲಿ ವಿಜ್ಞಾನ ತೆಗೆದುಕೊಳ್ಳದವರಿಗೂ ವಾರಕ್ಕೊಂದು ತಾಸು ಖಗೋಳದ ಪಾಠ ಕಡ್ಡಾಯವಾಗಿತ್ತು. ಇತಿಹಾಸ, ಫಾರಸಿ ಓದುವವರು ಹಿಂದಿನ ಸಾಲಿನಲ್ಲಿ ತೂಕಡಿಸುವ ತಾಸು ಅದು. ಪಾಠ ಮಾಡುತ್ತಿದ್ದವರು ಹೈದರಾಬಾದಿನ ಹಳೆಯ ಮುಸಲ್ಮಾನ ಮನೆತನದ ವಯಸ್ಸಾದ ಪ್ರೊಫೆಸರರು. ಗಣಿತವಿಲ್ಲದೆ ಆಕಾಶವನ್ನು ತಿಳಿಸಬೇಕೆಂಬ ಹಟ ಅವರಿಗೆ. ಒಂದು ಬೆಳಗ್ಗೆ ಮೇಜನ್ನು ಕೋಣೆಯ ನಡುವೆ ಎಳೆಸಿ, ಅದರ ಮೇಲೆ ಒಂದು ಕಂದೀಲು ಹಚ್ಚಿಟ್ಟರು. ನನ್ನನ್ನು ಕರೆದರು.

"ಕಂದೀಲು ಸೂರ್ಯ. ಅದರ ಹಿಂದೆ ಗೋಡೆಯಲ್ಲಿ ಕಾಣುವ ಮೊಳೆ ನಕ್ಷತ್ರ. ಆ ಮೊಳೆ ಈ ಕೋಣೆಯಲ್ಲಿಲ್ಲ, ಗೋಲ್ಕೊಂಡದ ಆಚೆಗೂ ಸಾವಿರ ಗಾವುದ ದೂರ ಇದೆ ಅಂದುಕೋ. ನೀನು ಭೂಮಿ. ನಿನ್ನ ಮೂಗು ನಿಮ್ಮೂರು."

ಎಲ್ಲರೂ ನಕ್ಕರು. ನನ್ನ ಮೂಗು ಕಂದೀಲಿಗೂ ಮೊಳೆಗೂ ನೇರವಾಗಿ ನಿಂತಿತು.

"ಈಗ ಬುಗುರಿಯ ಹಾಗೆ ನಿನ್ನ ಸುತ್ತ ನೀನು ತಿರುಗು, ಜೊತೆಗೇ ಕಂದೀಲಿನ ಸುತ್ತ ಒಂದು ಹೆಜ್ಜೆ ಸರಿ. ಮೊಳೆಯ ದಿಕ್ಕಿಗೆ ಮೂಗು ಬಂದಾಗ ನಿಲ್ಲು."

ನಿಂತೆ. ಒಂದು ಸುತ್ತು ಪೂರ್ತಿಯಾಗಿತ್ತು. ಮೂಗು ಮೊಳೆಯ ಕಡೆಗಿತ್ತು. ಆದರೆ ನಾನು ಒಂದು ಹೆಜ್ಜೆ ಸರಿದಿದ್ದೆನಲ್ಲ, ಕಂದೀಲು ನನ್ನ ಮೂಗಿಗೆ ನೇರವಾಗಿರಲಿಲ್ಲ, ಕೆನ್ನೆಯ ಕಡೆ ಇತ್ತು.

"ಇನ್ನೂ ಇಷ್ಟು ತಿರುಗಿದರೆ ಕಂದೀಲು ಮೂಗಿನ ಎದುರಿಗೆ ಬರುತ್ತದೆ," ಎಂದು ನನ್ನ ಭುಜ ಹಿಡಿದು ಸ್ವಲ್ಪ ತಿರುಗಿಸಿದರು. "ಈ ಚೂರು ತಿರುವಿಗೆ ನಾಲ್ಕು ನಿಮಿಷ. ನಮ್ಮ ಗಡಿಯಾರ ಸೂರ್ಯನ ಲೆಕ್ಕದ್ದು. ಹಾಗಾಗಿ ನಕ್ಷತ್ರ ದಿನವೂ ನಾಲ್ಕು ನಿಮಿಷ ಮೊದಲೇ ಮೂಡುತ್ತದೆ. ನಕ್ಷತ್ರ ಸ್ಥಿರವೇ. ನಾವು ಸ್ಥಿರವಾಗಿಲ್ಲ."

ಅಲ್ಲಿಯೇ ನಿಂತುಬಿಟ್ಟೆ. ಮೂಡೋ ಹೊತ್ತು ಇದ್ದಲ್ಲೇ ಇರೂದಿಲ್ಲ, ಅಂದಿದ್ದನಲ್ಲ ಮುದುಕ! ದಿನಕ್ಕೆ ನಾಲ್ಕು ನಿಮಿಷವೆಂದರೆ ಆರು ದಿನಕ್ಕೆ ಇಪ್ಪತ್ತನಾಲ್ಕು. ಇಪ್ಪತ್ತನಾಲ್ಕು ನಿಮಿಷಕ್ಕೆ ಒಂದು ಗಳಿಗೆ. ನವರಾತ್ರಿಯಲ್ಲಿ ಹೊತ್ತು ಮುಳುಗಿ ಆರು ಗಳಿಗೆಗೆ ಕೃತ್ತಿಕೆ ಮೂಡುತ್ತಿತ್ತು. ಆರು ದಿನಕ್ಕೊಂದು ಗಳಿಗೆಯಂತೆ ಅತ್ತೆಯ ನೀರು ಕರಗುತ್ತಿದೆ. ಬೆರಳು ಮಡಚಿ ಎಣಿಸಿದೆ. ನಾನು ಬರೆದು ಇಪ್ಪತ್ತೈದು ದಿನ ದಾಟಿತ್ತು.

"ಏನು, ಭೂಮಿ ನಿಂತುಹೋಯಿತೇ?" ಎಂದು ಪ್ರೊಫೆಸರರು ಕೇಳಿದರು. ಹುಡುಗರು ಮತ್ತೆ ನಕ್ಕರು. ನಾನು ಇದ್ದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. ಕಂದೀಲು ಆರಿಸಿ, "ಆ ನೀರಗಂಟಿ ಇದನ್ನು ಕಂದೀಲಿಲ್ಲದೆ ಕಂಡಿದ್ದಾನೆ. ನೀನು ರಜೆಚೀಟಿ ಬರೆ, ನಾನು ರುಜು ಹಾಕುತ್ತೇನೆ," ಎಂದರು.

ಗಿಣಿಗೇರಾ ನಿಲ್ದಾಣದಲ್ಲಿ ಇಳಿದು, ಗಂಗಾವತಿ ಕಡೆ ಹೊರಟಿದ್ದ ಒಂದು ಚಕ್ಕಡಿ ಹತ್ತಿ, ಉಳಿದದ್ದನ್ನು ನಡೆದು ಊರು ಮುಟ್ಟಿದೆ. ನೇರವಾಗಿ ಹೊಲಕ್ಕೆ ಹೋದೆ. ಕಾಲುವೆಯ ಬಾಯಿಗೆ ಹತ್ತಿರವಿದ್ದ ಮೂರು ಮಡಿ ಹಸಿರಾಗಿದ್ದವು. ಅದರಾಚೆಯ ಉಳ್ಳಾಗಡ್ಡಿ ತುದಿ ಹಳದಿಯಾಗಿ ನೆಲಕ್ಕೆ ಮಲಗಿತ್ತು. ಅತ್ತೆ ಹಳ್ಳದಿಂದ ಕೊಡದಲ್ಲಿ ನೀರು ಹೊತ್ತು ತಂದು ಬುಡಕ್ಕೆ ಹೊಯ್ಯುತ್ತಿದ್ದಳು.

"ಹೊತ್ತು ಮುಣಗಿ ಸಲಿಕಿ ಹಿಡದು ಬರೂದರಾಗ ಗೌಡ್ರ ಆಳು ಬಂದು ನಿಂತಿರತಾನ," ಅಂದಳು. "ಗೊಂಚಲ ಮೂಡ್ತು, ಬಿಡವಾ ಅಂತಾನ. ನೀರಗಂಟಿ ಕೆಂಪು ಚುಕ್ಕಿ ಹಿಡೀಬೇಕು ಅಂದ್ರ, ಕಾಗದದಾಗ ಎಲ್ಲೈತಿ ತೋರಿಸು ಅಂತಾರ. ನೀನ ಬರದೀ ಅಂತ ನಾನೂ ಬಾಯಿ ಮುಚಗೊಂಡು ಕುಂತೀನಿ. ಕಲತಾವ ಬರದದ್ದು ತಪ್ಪ ಇರತೈತೇನು?"

ಆ ಮಾತಿಗಿಂತ ಅವಳು ನನಗೆ ಎರಡು ಏಟು ಹಾಕಿದ್ದರೆ ಚೆನ್ನಾಗಿತ್ತು.

ಗಿರ್ದಾವರ ಸಾಹೇಬರು ಆ ವಾರ ಅದೇ ಹೋಬಳಿಯಲ್ಲಿ ತಿರುಗುತ್ತಿದ್ದರು. ಮರುದಿನ ನಮ್ಮ ಚಾವಡಿಗೆ ಬಂದಾಗ ನಾನು ಅರ್ಜಿ ಹಿಡಿದು ನಿಂತೆ.

ಗೌಡರು ತಮ್ಮ ಜಮಖಾನೆಯ ಮೇಲಿಂದಲೇ ಶುರುಮಾಡಿದರು. "ಹೈದರಾಬಾದಿಗೆ ಹೋಗಿ ಚುಕ್ಕಿ ಎಣಸಾಕ ಕಲ್ತು ಬಂದ್ಯೇನಪಾ? ನಮ್ಮ ಕುರಿ ಕಾಯೋರೂ ಎಣಸ್ತಾರ, ಅದಕ್ಕ ರೈಲು ಹತ್ತಬೇಕಾಗಿಲ್ಲ."

"ಕುರಿ ಕಾಯೋರಿಗೆ ಗೊತ್ತಿದ್ದದ್ದು ನಿಮಗೂ ಗೊತ್ತಿತ್ತಲ್ರೀ ಗೌಡ್ರ," ಅಂದೆ. "ಅದಕ್ಕ ಅವತ್ತು ಸುಮ್ಮನ ಸಹಿ ಮಾಡಿದ್ರಿ."

ಗೌಡರಿಗೆ ಗೊತ್ತಿರಲಿಲ್ಲವೆಂದು ನಾನು ಇಂದಿಗೂ ನಂಬುವುದಿಲ್ಲ. ಅವರ ಅಜ್ಜನ ಕಾಲದಿಂದ ಚುಕ್ಕಿ ಬದಲಾಗುತ್ತಲೇ ಬಂದಿತ್ತು. ಪ್ರತಿ ವರ್ಷ ಅವರ ಆಳೇ ನೀರಗಂಟಿಯ ಜೊತೆ ನಿಂತು ಹೊಸ ಚುಕ್ಕಿ ಒಪ್ಪಿಕೊಳ್ಳುತ್ತಿದ್ದ. ಒಬ್ಬ ಓದಿದ ದಡ್ಡ ತಾನಾಗಿ ಬಂದು ಕೈಗೆ ಕೊಟ್ಟದ್ದನ್ನು ಅವರು ಬಿಡಲಿಲ್ಲ, ಅಷ್ಟೇ.

ಸಾಹೇಬರು ನನ್ನ ಕಡೆ ತಿರುಗಿದರು. "ಅವತ್ತು ಚುಕ್ಕಿ ಸ್ಥಿರ ಅಂದಾವ ನೀನ. ಇವತ್ತು ಸ್ಥಿರ ಅಲ್ಲ ಅನ್ನಾವನೂ ನೀನ. ನಾಳೆ ಮತ್ತೇನು ಹೇಳ್ತಿ? ಕಾಗದದಾಗ ಬಿದ್ದದ್ದು ಬಿತ್ತು."

"ನನ್ನ ಮಾತು ನಂಬಬ್ಯಾಡ್ರಿ ಸಾಹೇಬ್ರ. ಕಣ್ಣಿಲೆ ನೋಡ್ರಿ. ಜೋಯಿಸರ ಮನಿಯಾಗ ಗಳಿಗಿ ಬಟ್ಟಲ ಐತಿ."

ಮದುವೆಯ ಮುಹೂರ್ತಕ್ಕೆ ತೆಗೆಯುವ ತಾಮ್ರದ ಬಟ್ಟಲು ಅದು. ತಳದಲ್ಲಿ ಸೂಜಿಯ ಮೊನೆಯಷ್ಟು ತೂತು. ನೀರಿನ ಮೇಲೆ ತೇಲಿಬಿಟ್ಟರೆ ಮೆಲ್ಲಗೆ ತುಂಬಿ ಒಂದು ಗಳಿಗೆಗೆ ಸರಿಯಾಗಿ ಮುಳುಗುತ್ತದೆ. ಜೋಯಿಸರು ಕೊಡಲು ಹಿಂದೆಮುಂದೆ ನೋಡಿದರು. ಅಂಗಳದಲ್ಲಿ ತಾವೇ ಕೂತು ಬಟ್ಟಲು ಬಿಡುವುದಾದರೆ ಆಗಬಹುದು ಅಂದರು. ಆಗಲಿ ಅಂದೆವು. ಸಾಹೇಬರಿಗೂ ಕುತೂಹಲ ಹುಟ್ಟಿತ್ತು. ಇವತ್ತು ಒಮ್ಮೆ ಅಳೆಯುವುದು, ಆರು ದಿನ ಬಿಟ್ಟು ಮತ್ತೊಮ್ಮೆ. ಚುಕ್ಕಿ ಯಾವುದೆಂದು ನೀರಗಂಟಿಯನ್ನು ಕೇಳಿದೆ. ಕೆಂಪು ಚುಕ್ಕಿ ಅಂದ. ಗೊಂಚಲು ಆಗಲೇ ಸಂಜೆಯ ಬೆಳಕಿಗೆ ಹತ್ತಿರ ಬಂದಿದೆ, ಅದರಲ್ಲಿ ಜಗಳ ಹುಟ್ಟುತ್ತದೆ ಅಂದ. ಪುಸ್ತಕದಲ್ಲಿ ರೋಹಿಣಿ ಎಂದು ಬರೆಯುವುದು ಈ ಕೆಂಪು ಚುಕ್ಕಿಯನ್ನೇ.

ಸಂಜೆ ಹೊತ್ತು ಮುಳುಗಿದ ಕೂಡಲೇ ಜೋಯಿಸರು ಬಟ್ಟಲು ಬಿಟ್ಟರು. ನಾಲ್ಕನೆಯ ಬಟ್ಟಲು ಮುಳುಗುವ ಹೊತ್ತಿಗೆ ನೀರಗಂಟಿ ಅಂಗಳದ ಹೊರಗಿನಿಂದ "ಮೂಡ್ತು" ಅಂದ. ಗುಡ್ಡದ ಅಂಚಿಗೆ ಕೆಂಡದ ಕಿಡಿಯಂತೆ ಕೂತಿತ್ತು ಅದು.

ನಡುವಿನ ಆರು ದಿನ ನಾನೂ ಅತ್ತೆಯೂ ಕೊಡ ಹೊತ್ತೆವು. ಭುಜ ಕೆಂಪಗಾಯಿತು. ನನ್ನ ಜೊತೆ ಓದಿದವರು ಯಾರಾದರೂ ಕಂಡರೇನು ಗತಿ ಎಂಬ ಯೋಚನೆ ಮೊದಲ ದಿನ ಬಂತು. ಎರಡನೆಯ ದಿನ ಬರಲಿಲ್ಲ.

ಆರನೆಯ ದಿನ ಅರ್ಧ ಊರು ಅಂಗಳದಲ್ಲಿ ನೆರೆದಿತ್ತು. ಒಂದು ಬಟ್ಟಲು ಮುಳುಗಿತು. ಎರಡು ಮುಳುಗಿತು. ಗೌಡರ ಆಳು, "ಜೋಯಿಸರ, ಕೈ ಒತ್ತಬ್ಯಾಡ್ರಿ," ಎಂದು ರೇಗಿಸಿದ. "ಮುಟ್ಟಿದರ ನನ್ನ ಕೈ ಸೇದಿ ಹೋಗಲಿ," ಎಂದು ಜೋಯಿಸರು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ಕೂತರು. ಮೂರನೆಯದು ಬುಳಕ್ಕನೆ ಮುಳುಗಿತು. ಅಷ್ಟರಲ್ಲಿ ಸಾಹೇಬರೇ ಎದ್ದು ನಿಂತು ಬೆರಳು ತೋರಿಸಿದರು. ಗುಡ್ಡದ ಅಂಚಿನಲ್ಲಿ ಕೆಂಪು ಚುಕ್ಕಿ. ಆರು ದಿನಕ್ಕೆ ಒಂದು ಬಟ್ಟಲು ಕಡಿಮೆಯಾಗಿತ್ತು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ.

ಮರುದಿನ ಚಾವಡಿಯಲ್ಲಿ ಹಳೆಯ ಕಾಗದ ರದ್ದಾಯಿತು. ಹೊಸದನ್ನು ನಾನೇ ಬರೆಯಬೇಕು, ಸಾಹೇಬರು ಹೇಳುತ್ತಾ ಹೋಗಬೇಕು. ಈ ಸಲ ಹದಿನೈದು ಇಪ್ಪತ್ತು ದಿನಕ್ಕೊಂದರಂತೆ ನಾಲ್ಕು ಚುಕ್ಕಿಗಳೂ, ಶಿವರಾತ್ರಿಯವರೆಗಿನ ಉಳಿದವೂ ಬಂದವು. ಅಷ್ಟಾದ ಮೇಲೆ ಸಾಹೇಬರು ಹೇಳಿದರು: "ಬರಿ. ಈ ತಿದ್ದುಪಡಿ ಹೈದರಾಬಾದ್ ಕಾಲೇಜಿನ ವಿದ್ಯಾರ್ಥಿಯೊಬ್ಬನ ಶಾಸ್ತ್ರಜ್ಞಾನದ ಆಧಾರದ ಮೇಲೆ ಮಾಡಲಾಗಿದೆ."

ನಾನು ಲೇಖನಿ ಎತ್ತಿದೆ. "ಸಾಹೇಬ್ರ, ಇದು ಸುಳ್ಳು. ಇದನ್ನ ಹೇಳಿದಾವ ನೀರಗಂಟಿ. ಮೊದಲನೇ ದಿನಾನ ಹೇಳಿದ್ದ. ನಾನು ಅದನ್ನ ಬಿಟ್ಟು ಬರದೆ. ಅವನ ಹೆಸರು ಹಾಕಬೇಕು."

"ಅವಗ ಓದು ಬರತೈತೇನು?"

"ಇಲ್ಲರೀ."

"ಮತ್ತ ಅವನ ಮಾತಿಗೆ ದಫ್ತರದಾಗ ಏನು ಕಿಮ್ಮತ್ತು? ನಾಳೆ ಮ್ಯಾಲಿನ ಸಾಹೇಬ್ರು ಕೇಳಿದ್ರ, ಮೆಟ್ಟಲ ಹತ್ತದಾವನ ಮಾತು ಕೇಳಿ ಕಾಗದ ಬದಲಿ ಮಾಡಿದೆ ಅನ್ನಲೇನು?"

"ಹಂಗ ಅನ್ರಿ. ಖರೇ ಅದ ಐತಿ."

ಸಾಹೇಬರ ದನಿ ಏರಿತು. "ಬರೀತಿಯೋ ಇಲ್ಲೋ? ಇಲ್ಲದಿದ್ರ ಹಳೇದ ನಡೀಲಿ."

ಗೌಡರು ಮೀಸೆಯ ಮೇಲೆ ಕೈ ಇಟ್ಟು ನನ್ನನ್ನೇ ನೋಡುತ್ತಿದ್ದರು. ನಾನು ಬರೆಯದಿರಲಿ ಎಂಬುದೇ ಅವರ ಆಸೆ. ಚಾವಡಿಯ ಹೊರಗೆ ಅತ್ತೆ ಸೆರಗು ಬಿಗಿಹಿಡಿದು ನಿಂತಿದ್ದಳು. ಆ ದಿನ ಅವಳ ಪಾಳಿ. ನಾನು ಮುಟ್ಟಾಳತನದಿಂದ ಬರೆದ ಸುಳ್ಳನ್ನು ಅವರು ಕೂಡಲೇ ಒಪ್ಪಿದ್ದರು. ಅದೇ ನಾನು ನಿಜ ಹೇಳಿದರೆ ಅದಕ್ಕೆ ಜಾತಿಯನ್ನೂ ಅಕ್ಷರವನ್ನೂ ಕೇಳುತ್ತಿದ್ದರು.

ಕೆಳಗಿನಿಂದ ನೀರಗಂಟಿ ಅಂದ: "ಬರದು ಬಿಡು ತಮ್ಮಾ. ನನ್ನ ಹೆಸರು ಹಾಕಿದರ ಅದನ್ನ ಓದಾವ ಯಾರದಾನ? ಹೊತ್ತು ಇಳೀಲಿಕ್ಕತ್ತೈತಿ, ನಾ ಕಾಲುವಿಗೆ ಹೋಗಬೇಕು."

ಬರೆದೆ. ನನ್ನ ಕೈಯಾರೆ ನನಗೆ ಸಲ್ಲದ ಹೊಗಳಿಕೆಯನ್ನು ನಾನೇ ಬರೆದುಕೊಂಡೆ. ಸಾಹೇಬರು ಮೊಹರು ಒತ್ತಿದರು. ಮುಂದೆ ನಾನು ಪದವಿ ಪಡೆದು ಬಂದಾಗ ಇದೇ ಚಾವಡಿಯಲ್ಲಿ ಹಾರ ಹಾಕಿದರು, ಚುಕ್ಕಿ ಲೆಕ್ಕ ಕಂಡುಹಿಡಿದ ಹುಡುಗನೆಂದು ಗೌಡರೇ ಭಾಷಣ ಮಾಡಿದರು. ನಾನು ಎದ್ದು ನಿಂತು ಕಂಡುಹಿಡಿದವನು ಯಾರೆಂದು ಹೇಳಿದೆ. ದೊಡ್ಡ ಮನಸ್ಸಿನವನು, ವಿನಯವಂತ ಎಂದು ಚಪ್ಪಾಳೆ ತಟ್ಟಿದರು. ನಿಜವನ್ನು ವಿನಯವೆಂದು ತಿಳಿದುಕೊಳ್ಳುವ ಜನರ ಎದುರು ಇನ್ನೇನು ಮಾಡಬೇಕು? ಆ ಕಾಗದ ಎಲ್ಲಾದರೂ ಇನ್ನೂ ಇದ್ದರೆ ಅದರ ಕೊನೆಯ ಸಾಲು ಸುಳ್ಳು. ಬರೆದವನೇ ಹೇಳುತ್ತಿದ್ದೇನೆ.

ಆ ಸಂಜೆ ಹೊಲಕ್ಕೆ ಹೋದಾಗ ನಾನಿನ್ನೂ ಕುದಿಯುತ್ತಿದ್ದೆ. ನೀರಗಂಟಿ ಕಾಲುವೆಯ ಬಾಯಿಯ ಮಣ್ಣು ಎಳೆದ. ನೀರು ಮೊದಲ ಮಡಿ ತುಂಬಿ ಎರಡನೆಯದಕ್ಕೆ ಹೊರಳಿತು. ನಾನು ಬದುವಿನ ಮೇಲೆ ನಿಂತು ಅವನಿಗೆ ಮತ್ತೆ ಹೇಳತೊಡಗಿದೆ: ಮೇಲಿನ ಕಚೇರಿಗೆ ಬರೆಯುತ್ತೇನೆ, ಗಂಗಾವತಿಗೆ ಹೋಗುತ್ತೇನೆ, ಬಿಡುವುದಿಲ್ಲ.

ಅತ್ತೆ ಮಂಡಿಯವರೆಗೆ ಕೆಸರಿನಲ್ಲಿ ನಿಂತಿದ್ದವಳು ತಲೆ ಎತ್ತಿ ಕೂಗಿದಳು: "ಲೇ, ಬರಿಯೋದು ನಾಳೆ ಬರಿ! ಮೂರು ಚುಕ್ಕಿ ಮೂಡೂತನಾನ ನಂದು. ಆ ಕಡೀ ಮಡಿಗೆ ನೀರು ಮುಟ್ಟಿಲ್ಲ, ಸಲಿಕಿ ತಗೊಂಡು ಇಳಿ!"

ನೀರಗಂಟಿ ತನ್ನ ಸಲಿಕೆಯನ್ನು ನನ್ನ ಕೈಗೆ ಕೊಟ್ಟ. ನಾನು ಧೋತರ ಎತ್ತಿ ಕಟ್ಟಿ ಇಳಿದೆ.